ಎಂಟು ಮಡಿಕೆಯ ನೋಟು

ಹೊಳೆ ದಂಡೆಯ ಮೇಲೆ ಒಂದು ಹೆಂಚಿನ ಮನೆ. ಹಿಂದೆ ಅಲ್ಲಿ ಕೂತು ತೆಪ್ಪ ದಾಟುವವರಿಂದ ಸುಂಕ ವಸೂಲಿ ಮಾಡುತ್ತಿದ್ದರಂತೆ. ಈಗ ಅಲ್ಲಿ ಪದ್ಮರಾಜಯ್ಯ ಮೇಷ್ಟ್ರು ಫೋಟೋ ತೆಗೆಯುವುದನ್ನು ಕಲಿಸುತ್ತಿದ್ದರು. ಕಡವಿನ ಜನ ಮೊದಮೊದಲು ತಮಾಷೆಗೆ ಅದನ್ನು ಆಶ್ರಮ ಎಂದು ಕರೆದರು. ಆಮೇಲೆ ಅದೇ ಹೆಸರು ನಿಂತಿತು.

ಮೇಷ್ಟ್ರು ಮನುಷ್ಯರ ಫೋಟೋ ಕಲಿಸುತ್ತಿರಲಿಲ್ಲ. ಹಕ್ಕಿ, ಹೊಳೆ, ಸೂರ್ಯಾಸ್ತ ಯಾವುದೂ ಇಲ್ಲ. ಸುಮ್ಮನೆ ಕೂತಿರುವ ವಸ್ತುಗಳದು ಮಾತ್ರ.

ಫೀಸು ಇರಲಿಲ್ಲ. ಅಂಗಳ ಗುಡಿಸಬೇಕು, ನೀರು ಸೇದಬೇಕು, ಮೇಷ್ಟ್ರು ಕೊಟ್ಟ ಒಂದೇ ಒಂದು ವಸ್ತುವಿನ ಜೊತೆ ಕಾಲ ಕಳೆಯಬೇಕು. ಅದರ ಫೋಟೋ ಅವರ ಮನಸ್ಸಿಗೆ ಬಂದ ದಿನ ಅವರೇ ಗೋಡೆಗೆ ಮೊಳೆ ಹೊಡೆದು ತೂಗುಹಾಕುತ್ತಿದ್ದರು. ಮೊಳೆ ಬಿತ್ತೆಂದರೆ ವಿದ್ಯೆ ಮುಗಿಯಿತು, ಗಂಟುಮೂಟೆ ಕಟ್ಟಬಹುದು.

ಸುತ್ತಿಗೆಯ ಸದ್ದು ಆಚೆ ದಡಕ್ಕೂ ಕೇಳುತ್ತಿತ್ತು. ಅದು ಕೇಳಿದರೆ ತೆಪ್ಪದ ಜವರಯ್ಯ ಹುಟ್ಟು ಹಾಕುತ್ತಲೇ, ಯಾರೋ ಪಾಸಾದರು ಎಂದು ತೆಪ್ಪದಲ್ಲಿದ್ದವರಿಗೆ ಹೇಳುತ್ತಿದ್ದ.

ಗೋಡೆಯ ಮೇಲೆ ಹನ್ನೊಂದು ಚಿತ್ರಗಳಿದ್ದವು. ಬಾಗಿಲ ಪಕ್ಕದ ಮೊದಲನೆಯದು ಮಾತ್ರ ಮೇಷ್ಟ್ರು ತೆಗೆದದ್ದು. ಬಾಯಿ ಬಿಟ್ಟುಕೊಂಡು ಕೂತ ಒಂದು ಹಳೆಯ ಎಲೆಯಡಿಕೆ ಚೀಲ. ಅದರ ಬಲಕ್ಕೆ ಒಂದು ಗೇಣು ಗೋಡೆ ಖಾಲಿ ಇತ್ತು. ಜಾಗ ಸಾಲದೆ ಬೇರೆ ಚಿತ್ರಗಳು ಒತ್ತೊತ್ತಾಗಿ ಕೂತಿದ್ದರೂ ಅಲ್ಲಿ ಮಾತ್ರ ಯಾವ ಚಿತ್ರವೂ ಬಂದಿರಲಿಲ್ಲ.

ಇಂದ್ರಾಣಿ ಹುಣಸೂರಿನವಳು. ಅವಳಪ್ಪ ದಾಸಪ್ಪನಿಗೆ ಹಾರದ ಅಂಗಡಿ. ಹೂವಿನ ಹಾರವಷ್ಟೇ ಅಲ್ಲ, ನೋಟಿನ ಹಾರಕ್ಕೂ ಅವನದೇ ಹೆಸರು. ಮದುಮಗನ ಕೊರಳಿಗೆ, ಗೆದ್ದ ಪೈಲ್ವಾನನ ಕೊರಳಿಗೆ, ಸನ್ಮಾನಕ್ಕೆ ಬಂದ ದೊಡ್ಡವರ ಕೊರಳಿಗೆ ಅವನು ಕಟ್ಟಿದ ಹಾರವೇ ಬೀಳಬೇಕು. ಇಂದ್ರಾಣಿ ಏಳನೇ ವಯಸ್ಸಿಗೇ ನೋಟನ್ನು ಬೀಸಣಿಗೆಯ ಹಾಗೆ ನಿರಿಗೆ ಹಿಡಿಯುವುದನ್ನು ಕಲಿತಿದ್ದಳು. ಕಣ್ಣು ಮುಚ್ಚಿಕೊಂಡು ಮಾಡೆಂದರೂ ಮಾಡುತ್ತಿದ್ದಳು.

ಅಂಥವಳಿಗೆ ಮೇಷ್ಟ್ರು ಕೊಟ್ಟ ವಸ್ತು ಯಾವುದು ಅಂತೀರಿ? ಹತ್ತು ರೂಪಾಯಿ ನೋಟು.

ಅವಳಿಗಿಂತ ಹಿಂದೆ ಇದ್ದ ಶಿಷ್ಯನಿಗೆ ಒಂದು ಈರುಳ್ಳಿ ಸಿಕ್ಕಿತ್ತು. ಅವನು ಒಂಬತ್ತು ತಿಂಗಳು ಅಳುತ್ತಾ ಕೂತಿದ್ದನಂತೆ. ತನ್ನದು ಒಂದು ವಾರದ ಕೆಲಸ ಎಂದುಕೊಂಡು ಇಂದ್ರಾಣಿ ಒಳಗೊಳಗೇ ಹಿಗ್ಗಿದಳು.

ಮೊದಲ ವಾರದಲ್ಲೇ ಅವಳು ಒಂದು ನವಿಲು ಮಾಡಿದಳು. ಐವತ್ತರ ನೋಟಿನ ನೀಲಿಯಲ್ಲಿ ಕುತ್ತಿಗೆ, ನೂರರ ನೋಟಿನ ನೇರಳೆಯಲ್ಲಿ ಗರಿ, ಹತ್ತರ ನೋಟಿನ ಕಂದಿನಲ್ಲಿ ಕಾಲು. ಎಡಗಡೆಯಿಂದ ಬೆಳಕು ಬಿಟ್ಟು ಫೋಟೋ ತೆಗೆದಳು. ಮೇಷ್ಟ್ರು ಬಹಳ ಹೊತ್ತು ನೋಡಿದರು.

"ನವಿಲು ಚೆನ್ನಾಗಿದೆ. ನೋಟೆಲ್ಲಿ?"

ಎರಡನೆಯ ಸಲ ಅವಳು ನವಿಲಿನ ಗೊಡವೆಗೆ ಹೋಗಲಿಲ್ಲ. ಗರಿಗರಿ ಹೊಸ ನೋಟೊಂದನ್ನು ಕಪ್ಪು ಬಟ್ಟೆಯ ಮೇಲೆ ಇಟ್ಟಳು. ಒಂದೊಂದು ಗೆರೆ, ಒಂದೊಂದು ಅಕ್ಷರ ಕಣ್ಣಿಗೆ ಹೊಡೆಯುವ ಹಾಗೆ ತೆಗೆದಳು. ಅಚ್ಚು ಹಾಕಿದವರ ಶ್ರಮವೆಲ್ಲ ಇದರಲ್ಲಿ ಕಾಣುತ್ತಿದೆ, ನಿನ್ನದು ಕಾಣುತ್ತಿಲ್ಲ ಎಂದರು ಮೇಷ್ಟ್ರು.

ಹೀಗೇ ಹದಿನಾಲ್ಕು ತಿಂಗಳಾಯಿತು. ನೋಟಿನ ತಾವರೆ, ನೋಟಿನ ಗೋಪುರ, ನೀರಿನಲ್ಲಿ ನೋಟು, ಕನ್ನಡಿಯಲ್ಲಿ ನೋಟು. ಮೇಷ್ಟ್ರು ಪ್ರತಿಯೊಂದನ್ನೂ ಪ್ರೀತಿಯಿಂದಲೇ ನೋಡಿ ಪ್ರೀತಿಯಿಂದಲೇ ವಾಪಸ್ ಕೊಡುತ್ತಿದ್ದರು.

ಅತ್ತ ಹುಣಸೂರಿನಲ್ಲಿ ದಾಸಪ್ಪ ಅಂಗಡಿಯ ಅರ್ಧ ಭಾಗ ಬಿಟ್ಟುಕೊಟ್ಟು ಮಗಳಿಗೆ ಸ್ಟುಡಿಯೋ ಕಟ್ಟಿಸಿದ್ದ. ಅಕ್ಷಯ ತದಿಗೆಯ ದಿನ ಪೂಜೆ ಎಂದು ಗೊತ್ತಾಗಿತ್ತು. ಮೊಳೆ ಬೀಳದೆ ತಾನು ಅದರ ಬಾಗಿಲು ತೆಗೆಯುವುದಿಲ್ಲ ಎಂದು ಇಂದ್ರಾಣಿ ಬರುವಾಗಲೇ ಹೇಳಿ ಬಂದಿದ್ದಳು. ಹಟಮಾರಿ ಹುಡುಗಿ. ಅವಳಪ್ಪನೂ ಕಡಿಮೆಯವನಲ್ಲ, ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸಿ ಹಂಚಿಬಿಟ್ಟಿದ್ದ. ದಿನಾ ಸಂಜೆ ಫೋನ್ ಮಾಡಿ ಒಂದೇ ಮಾತು ಕೇಳುತ್ತಿದ್ದ: ಮೊಳೆ ಬಿತ್ತಾ?

ತದಿಗೆಗೆ ಹದಿನಾರು ದಿನ ಇತ್ತು. ಆ ಬೆಳಿಗ್ಗೆ ಮೇಷ್ಟ್ರು ತಮ್ಮ ಪೆಟ್ಟಿಗೆ ತೆರೆದು ಏನನ್ನೋ ತಂದು ಅವಳ ಅಂಗೈ ಮೇಲೆ ಇಟ್ಟರು. ಮಡಚಿ ಮಡಚಿ ಅಡಿಕೆಯಷ್ಟಾಗಿದ್ದ ಒಂದು ಹತ್ತು ರೂಪಾಯಿ ನೋಟು. ಹಳೆಯ ಬಗೆಯದು. ಮೂಲೆಯಲ್ಲಿ ಎಲೆಯಡಿಕೆಯ ಕೆಂಪು ಕಲೆ.

"ಇದನ್ನು ನೋಡ್ತಿರು" ಎಂದು ಹೇಳಿ ಅವರು ಕಣ್ಣು ತೋರಿಸಿಕೊಳ್ಳಲು ಮೈಸೂರಿಗೆ ಹೋದರು.

ಇಂದ್ರಾಣಿ ನೋಡಿದಳು. ಹಾರ ಕಟ್ಟುವವರ ಮನೆಯ ಹುಡುಗಿ ಬೇರೆ ಹೇಗೆ ನೋಡಿಯಾಳು? ಮುದುರಿದ, ಮಾಸಿದ, ಕಲೆಯಾದ ನೋಟು. ಮೇಷ್ಟ್ರು ತನ್ನ ಕೈಚಳಕ ಪರೀಕ್ಷೆ ಮಾಡುತ್ತಿದ್ದಾರೆ ಎಂದು ಅವಳಿಗೆ ಖಾತ್ರಿಯಾಯಿತು.

ಅವರ ಅಂಗಡಿಯಲ್ಲಿ ಹೊಸ ನೋಟು ಸಾಲದೆ ಬಂದಾಗ ಹಳೆಯದನ್ನೇ ಹೊಸದು ಮಾಡುವ ಒಂದು ವಿದ್ಯೆ ಇತ್ತು. ಅನ್ನ ಬಸಿದ ತಿಳಿಗಂಜಿಯನ್ನು ಹತ್ತಿಯಲ್ಲಿ ಸವರಬೇಕು, ಮೇಲೊಂದು ತೆಳು ಮಲ್ಲು ಬಟ್ಟೆ ಹಾಸಬೇಕು, ಇಸ್ತ್ರಿಪೆಟ್ಟಿಗೆಯನ್ನು ಹದವಾಗಿ ಎಳೆಯಬೇಕು. ಇಂದ್ರಾಣಿ ಮೂರು ಸಲ ಎಳೆದಳು. ನೋಟು ಹಪ್ಪಳದಂತೆ ನೆಟ್ಟಗಾಯಿತು. ಕೆಂಪು ಕಲೆ ಮಾತ್ರ ಹೋಗಲಿಲ್ಲ.

ಸಂಜೆ ಮೇಷ್ಟ್ರು ಬಂದು ಚಪ್ಪಲಿ ಬಿಡುವ ಮೊದಲೇ ಅವಳು ನೋಟನ್ನೂ ಫೋಟೋವನ್ನೂ ಮುಂದೆ ಹಿಡಿದಳು.

"ಮಡಿಕೆ ಎಲ್ಲಿ?" ಎಂದರು ಮೇಷ್ಟ್ರು.

"ತೆಗೆದೆ ಮೇಷ್ಟ್ರೇ. ಇಸ್ತ್ರಿ ಮಾಡಿದೆ."

ಮೇಷ್ಟ್ರು ನೋಟನ್ನು ತಿರುಗಿಸಿ ಮುರುಗಿಸಿ ನೋಡಿದರು. ಅವರ ಭುಜ ಸಣ್ಣಗೆ ಕುಣಿಯತೊಡಗಿತು. ಆಮೇಲೆ ಜಗಲಿಯ ಮೇಲೆ ಕುಸಿದು ಕೂತು, ಹೊಸ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರನ್ನು ದಾಟಿಸಿಕೊಂಡು ಬಂದು ಹಿಂದೆಯೇ ನಿಂತಿದ್ದ ಜವರಯ್ಯ ನಗಲಿಲ್ಲ.

"ಅದು ನಮ್ಮವ್ವನ ನೋಟು ಕಣವ್ವ" ಎಂದ ಅವನು.

ಆಗ ಕಥೆ ಹೊರಗೆ ಬಂತು. ಹನ್ನೆರಡು ವರ್ಷದ ಹಿಂದೆ ಮೇಷ್ಟ್ರು ಈ ಮನೆಗೆ ಬಂದಾಗ ಅವರನ್ನು ಹುಡುಕಿಕೊಂಡು ಬಂದ ಮೊದಲ ಗಿರಾಕಿ ಜವರಯ್ಯನ ತಾಯಿ ಚಿಕ್ಕತಾಯಮ್ಮ. ತನ್ನ ಮುಖದ ಫೋಟೋ ಬೇಡ, ಅದನ್ನು ನೋಡಿ ಸಾಕಾಗಿದೆ, ತನ್ನ ಎಲೆಚೀಲದ್ದು ತೆಗೆಯಿರಿ ಎಂದಳಂತೆ. ತೆಗೆದ ಮೇಲೆ ಅದೇ ಚೀಲಕ್ಕೆ ಕೈ ಹಾಕಿ ಈ ನೋಟು ಕೊಟ್ಟಳಂತೆ. ಬೇಡವೆಂದರೂ ಕೇಳದೆ ಮೇಷ್ಟ್ರ ಜೇಬಿಗೆ ತುರುಕಿ ಹೋದಳಂತೆ. ಮರುವರ್ಷ ಅವಳು ತೀರಿಕೊಂಡಳು. ಆ ಎಂಟು ಮಡಿಕೆ ಅವಳ ಬೆರಳು ಮಡಚಿದ್ದು.

ಇಂದ್ರಾಣಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಅವಳು ಅಳುತ್ತಲೇ ನೋಟನ್ನು ತಿರುಗಿ ಮಡಚಲು ನೋಡಿದಳು. ಅವಳ ಬೆರಳಿಗೆ ಬರುತ್ತಿದ್ದದ್ದು ನಿರಿಗೆ ಮಾತ್ರ. ಗಂಜಿ ಕುಡಿದ ನೋಟು ಟಪ್ಪೆಂದು ಬಿಚ್ಚಿಕೊಳ್ಳುತ್ತಿತ್ತು.

"ಈಗ ಏನು ಮಾಡಲಿ ಮೇಷ್ಟ್ರೇ?"

"ಕಡಲೆಕಾಯಿ ತಗೊಂಡು ತಿನ್ನು."

ಅವಳು ಕಣ್ಣು ಕಣ್ಣು ಬಿಟ್ಟಳು. ಅಜ್ಜಿಯ ನೋಟನ್ನು ಖರ್ಚು ಮಾಡುವುದೇ? ಜವರಯ್ಯನಿಗೂ ಅದೇ ಅನುಮಾನ ಬಂದಿರಬೇಕು, ಮೇಷ್ಟ್ರ ಮುಖವನ್ನೇ ನೋಡುತ್ತಿದ್ದ.

"ಹನ್ನೆರಡು ವರ್ಷ ನಾನು ಅದನ್ನು ಪೆಟ್ಟಿಗೇಲಿ ಕೂಡಿಹಾಕಿದ್ದೆ. ನೀನು ಬಿಡಿಸಿದೆ. ಹೋಗು, ಹೊರಗೆ ಬಿಡು."

ಕಡವಿನ ಮೇಲೆ ಇದ್ದದ್ದು ಎರಡೇ ಅಂಗಡಿ. ಸಣ್ಣಮ್ಮಣ್ಣಿಯ ಕಡಲೆಕಾಯಿ ತಳ್ಳುಗಾಡಿ, ಪಕ್ಕದಲ್ಲಿ ಒಂದು ಟೀ ಅಂಗಡಿ. ಸಣ್ಣಮ್ಮಣ್ಣಿ ನೋಟನ್ನು ಬೆಳಕಿಗೆ ಹಿಡಿದಳು, ಉಗುರಿನಿಂದ ತಟ್ಟಿದಳು, ಮೂಸಿದಳು. ಇಷ್ಟು ಹಳೇ ನೋಟು ಇಷ್ಟು ಬಿರುಸಾಗಿರೋದುಂಟೇ, ನನಗೆ ಬೇಡಮ್ಮ, ಫೋನಿನಲ್ಲಿ ಸ್ಕ್ಯಾನ್ ಮಾಡು ಎಂದಳು. ಟೀ ಅಂಗಡಿಯವನೂ ಹಾಗೇ ಅಂದ. ಅಸಲಿ ನೋಟು ಇಸ್ತ್ರಿಪೆಟ್ಟಿಗೆಯ ದೆಸೆಯಿಂದ ಖೋಟಾ ನೋಟಾಗಿ ವಾಪಸ್ ಬಂತು.

"ಯಾರೂ ತಗೊಳ್ತಿಲ್ಲ ಮೇಷ್ಟ್ರೇ."

"ನೀನಾದರೆ ತಗೊಳ್ತಿದ್ಯಾ?"

ಅವಳು ಯೋಚನೆ ಮಾಡಿದಳು. ನಮ್ಮಂಗಡಿಯಲ್ಲಾದರೆ ಇದನ್ನೇ ಮೊದಲು ತೆಗೆದುಕೊಳ್ಳುತ್ತಿದ್ದೆ ಎಂದಳು, ಸುಳ್ಳು ಹೇಳಲಾರದೆ.

ಮೇಷ್ಟ್ರಿಗೆ ಮತ್ತೆ ನಗು ಬಂತು. ಹಾಗಾದರೆ ನಾಲ್ಕು ದಿನ ಮೈಮೇಲೆ ಇಟ್ಟುಕೋ ಎಂದರು.

ಇಂದ್ರಾಣಿ ನೋಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಂಗಳ ಗುಡಿಸಿದಳು. ನೀರು ಸೇದಿದಳು. ರಾಗಿ ಬೀಸಿದಳು. ನೋಟು ಮೊದಲು ಚುಚ್ಚಿತು. ಎರಡನೆಯ ದಿನ ಬೆವರಿಗೆ ಗಂಜಿ ಬಿಟ್ಟಿತು. ಮೂರನೆಯ ದಿನ ಅದು ಅಲ್ಲಿರುವುದೇ ಮರೆತುಹೋಗಿ, ಒಗೆಯುವ ಕಲ್ಲಿನ ಹತ್ತಿರ ಒಂದು ಸಲ ಅವಳು ಗಾಬರಿಯಿಂದ ಸೊಂಟ ತಡವಿಕೊಂಡಳು. ನಾಲ್ಕನೆಯ ದಿನ ತೆಗೆದು ನೋಡಿದರೆ ಮೆತ್ತಗೆ, ಬೆಚ್ಚಗೆ ಇತ್ತು. ಅವಳ ಸೊಂಟದ ಬಳುಕು ಅದರಲ್ಲಿ ಹಾಗೇ ಕೂತಿತ್ತು. ಅವಳಿಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು. ಸಾವಿರಾರು ನೋಟು ಹಿಡಿದ ಕೈಗೆ ಇದೊಂದು ಮಾತ್ರ ತನ್ನದು ಅನ್ನಿಸಿತು.

ಈ ಸಲ ಸಣ್ಣಮ್ಮಣ್ಣಿ ಮೂಸಲೂ ಇಲ್ಲ. ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿ ತಕ್ಕಡಿಯ ಕೆಳಗೆ ತಳ್ಳಿದಳು.

ಇಂದ್ರಾಣಿ ಕಡಲೆಕಾಯಿ ಸುಲಿಯುತ್ತಾ ಅಲ್ಲೇ ಕೂತಳು. ಎದ್ದು ಹೋಗುವ ಮನಸ್ಸಾಗಲಿಲ್ಲ.

ಸಣ್ಣಮ್ಮಣ್ಣಿ ಆಚೆ ದಡಕ್ಕೆ ಹೋಗುವಾಗ ಆ ನೋಟು ಜವರಯ್ಯನ ಕೈಗೆ ಹೋಯಿತು. ಅವನು ಅದನ್ನು ಉದ್ದಕ್ಕೆ ಮಡಚಿ ಕಿವಿಯ ಸಂದಿಗೆ ಸಿಕ್ಕಿಸಿದ. ತಾಯಿಯ ನೋಟು ತನ್ನ ಕೈಗೆ ಬಂತೆಂದೋ ಏನೋ, ಅವತ್ತು ಹುಟ್ಟು ಹಾಕುತ್ತಾ ಏನೋ ಗುನುಗುತ್ತಿದ್ದ. ಸಂಜೆ ಅದು ಟೀ ಅಂಗಡಿಯವನ ಕೈ ಸೇರಿ ಬೀಡಿಯಂತೆ ಸುರುಳಿಯಾಗಿ ಸಕ್ಕರೆ ಡಬ್ಬದ ಮುಚ್ಚಳದಲ್ಲಿ ಕೂತಿತು. ಮರುದಿನ ಮತ್ತೆ ಸಣ್ಣಮ್ಮಣ್ಣಿಯ ತಕ್ಕಡಿಯ ಕೆಳಗೆ ನಾಲ್ಕು ಮಡಿಕೆಯಾಗಿ ಬಂತು.

ಕೆಂಪು ಕಲೆಯ ನೋಟಿನ ಹಿಂದೆ ಇಂದ್ರಾಣಿ ಎಂಟು ದಿನ ತಿರುಗಿದಳು. ಈ ಹುಡುಗಿಗೆ ಏನೋ ಆಗಿದೆ ಎಂದು ಮೊದಲು ಜನ ಕನಿಕರಪಟ್ಟರು. ವಿಷಯ ತಿಳಿದ ಮೇಲೆ ತಾವೇ ಕರೆಕರೆದು ತೋರಿಸತೊಡಗಿದರು. ನೋಡು, ನಾನು ಮಡಚೋದು ಹೀಗೆ. ನಮ್ಮತ್ತೆ ಮಡಚೋದು ಹೀಗೆ. ಮೀನು ಮಾರುವವಳು ಒದ್ದೆ ನೋಟನ್ನು ತೊಡೆಯ ಮೇಲೆ ಎಳೆದು ಒಣಗಿಸುವುದನ್ನು ಮಾಡಿ ತೋರಿಸಿದಳು. ಮೇಷ್ಟ್ರ ಹತ್ತಿರ ಓಡಿಬಂದು ಇಂದ್ರಾಣಿ ಇದನ್ನೆಲ್ಲ ಒಂದೇ ಉಸಿರಿಗೆ ಹೇಳುತ್ತಿದ್ದಳು. ಒಂದು ನೋಟು ನೆಲದ ಮೇಲೆ ಬಿದ್ದಿದ್ದರೆ ಅದು ಯಾರ ಕೈಯಿಂದ ಜಾರಿದ್ದು ಎಂದು ಈಗ ಹೇಳಬಲ್ಲೆ ಎಂದಳು. ಕ್ಯಾಮೆರಾ ಗೂಡಿನಲ್ಲೇ ಇದೆ ಎಂದು ಮೇಷ್ಟ್ರು ನೆನಪಿಸಲಿಲ್ಲ.

ಅವಳಪ್ಪ ನೆನಪಿಸಿದ. ತದಿಗೆಗೆ ಇನ್ನು ಮೂರೇ ದಿನ, ಶಾಮಿಯಾನದವನಿಗೆ ಹೇಳಲೋ ಬೇಡವೋ ಎಂದು ಕೇಳಿದ. ಹೇಳಪ್ಪ ಎಂದಳು. ಯಾವ ಧೈರ್ಯದ ಮೇಲೆ ಹೇಳಿದಳೋ ಅವಳಿಗೇ ಗೊತ್ತಿರಲಿಲ್ಲ.

ಮರುದಿನವೇ ಕ್ಯಾಮೆರಾ ತೆಗೆದುಕೊಂಡು ಕಡವಿಗೆ ಹೋದಳು. ಅವಳು ಹೋಗುವ ಹೊತ್ತಿಗೆ ಮಾದೇಶ್ವರನ ಬೆಟ್ಟಕ್ಕೆ ಹೊರಟ ಬಸ್ಸೊಂದು ಧೂಳೆಬ್ಬಿಸಿಕೊಂಡು ತಿರುವು ದಾಟುತ್ತಿತ್ತು. ಸಣ್ಣಮ್ಮಣ್ಣಿ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದಳು. ಗಲಾಟೆಯಲ್ಲಿ ಆ ನೋಟನ್ನು ಯಾರೋ ಹೆಂಗಸಿಗೆ ಚಿಲ್ಲರೆಯಾಗಿ ಕೊಟ್ಟುಬಿಟ್ಟಿದ್ದಳು. ಆ ಹೆಂಗಸು ಅದನ್ನು ಕರ್ಚೀಫಿನಲ್ಲಿ ಗಂಟು ಹಾಕಿಕೊಂಡಳು ಎಂಬುದನ್ನು ಮಾತ್ರ ಚೆನ್ನಾಗಿ ನೆನಪಿಟ್ಟಿದ್ದಳು.

ನೋಟು ಹೋಯಿತು. ಇಂದ್ರಾಣಿ ಸೋಪಾನದ ಕಲ್ಲಿನ ಮೇಲೆ ಕೂತುಬಿಟ್ಟಳು. ಅಳು ಬರುತ್ತದೆ ಎಂದು ಕಾದಳು. ಬರಲಿಲ್ಲ. ಕರ್ಚೀಫಿನ ಗಂಟಿನಲ್ಲಿ ಕೂತು ಬೆಟ್ಟ ಹತ್ತುತ್ತಿರುವ ನೋಟು ಕಣ್ಣಿಗೆ ಕಟ್ಟಿ ನಗು ಬಂದುಬಿಟ್ಟಿತು.

ಆ ರಾತ್ರಿ ಅವಳು ಚೆನ್ನಾಗಿ ನಿದ್ದೆ ಮಾಡಿದಳು. ಬೆಳಿಗ್ಗೆ ಎದ್ದವಳೇ ಕ್ಯಾಮೆರಾ ಹಿಡಿದು ತೆಪ್ಪದ ಹತ್ತಿರ ಹೋದಳು. ಜವರಯ್ಯ ತೆಪ್ಪ ಮಗುಚಿ ಹಾಕಿ ಡಾಂಬರು ಬಳಿಯುತ್ತಿದ್ದ.

"ಜವರಯ್ಯಣ್ಣ, ನಿಮ್ಮವ್ವ ನೋಟು ಹೆಂಗೆ ಮಡಚ್ತಿದ್ರು?"

ಅವನು ಕೈ ಒರೆಸಿಕೊಂಡು ಬೆಲ್ಟಿನ ಚೀಲದಿಂದ ಒಂದು ನೋಟು ಎಳೆದ. ಅದರ ಕಡೆ ನೋಡಲೂ ಇಲ್ಲ, ಹೊಳೆಯ ಕಡೆ ನೋಡುತ್ತಾ ಮಡಚತೊಡಗಿದ. ಮೊದಲು ಅಗಲಕ್ಕೆ, ಆಮೇಲೆ ಉದ್ದಕ್ಕೆ, ಆಮೇಲೆ ಮತ್ತೆ ಅಗಲಕ್ಕೆ, ಪ್ರತಿ ಸಲವೂ ಹೆಬ್ಬೆರಳ ಉಗುರಿನಿಂದ ಒಂದು ಗೀರು. ಹುಟ್ಟು ಹಿಡಿದು ಒರಟಾದ ಬೆರಳುಗಳು ಆ ಹೊತ್ತಿಗೆ ಯಾವುದೋ ಮುದುಕಿಯ ಬೆರಳಾದವು.

"ಎಲ್ಲಿ ಕಲಿತ್ರಿ?"

"ಕದಿಯಕ್ಕೆ ಹೋಗಿ ಕಲಿತೆ ಕಣವ್ವ. ಅವ್ವನ ಚೀಲದಿಂದ ಐದರ ನೋಟು ಎಗರಿಸಿ, ಎರಡರ ನೋಟು ಇದೇ ಥರ ಮಡಚಿ ಇಟ್ಟುಬುಡ್ತಿದ್ದೆ."

"ಅವ್ವಂಗೆ ಗೊತ್ತಾಗ್ತಿರಲಿಲ್ವಾ?"

ಗೊತ್ತಾಗದೆ ಏನು, ನನ್ನ ಮಡಿಕೆ ನೆಟ್ಟಗಾಗೋ ತನಕ ಸುಮ್ಮನಿದ್ದಳು ಎಂದ. ಹೇಳಿ ಅವನೇ ನಕ್ಕ, ನಗುತ್ತಾ ತೋಳಿನಿಂದ ಕಣ್ಣೊರೆಸಿಕೊಂಡ.

ಇಂದ್ರಾಣಿ ಆ ಮಡಿಕೆಯನ್ನು ಅವನ ಕೈಯಿಂದ ತೆಗೆದುಕೊಂಡು ಸೋಪಾನದ ಕಲ್ಲಿನ ಮೇಲೆ ಇಟ್ಟಳು. ಕಪ್ಪು ಬಟ್ಟೆ ಹಾಸಲಿಲ್ಲ, ಕನ್ನಡಿ ಹಿಡಿಯಲಿಲ್ಲ. ಎಳೆ ಬಿಸಿಲು ಪಕ್ಕದಿಂದ ಬೀಳುತ್ತಿತ್ತು. ಎಂಟು ಮಡಿಕೆಯ ಅಂಚುಗಳು ಒಂದರ ಕೆಳಗೊಂದು ನಿಧಾನವಾಗಿ ಕಂಡವು. ಮಡಿಕೆ ತುಸು ಉಸಿರೆಳೆದಂತೆ ಬಿಚ್ಚಿಕೊಂಡು ನಿಂತಿತು. ಅವಳು ಒಂದೇ ಸಲ ಕ್ಯಾಮೆರಾದ ಗುಂಡಿ ಒತ್ತಿದಳು.

ಮೇಷ್ಟ್ರು ಆ ಚಿತ್ರವನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದರು. ನೋಡುತ್ತಲೇ ಇದ್ದರು. ಒಲೆಯ ಮೇಲಿನ ಹಾಲು ಉಕ್ಕಿ ಚುರ್ರೆಂದರೂ ಇಬ್ಬರೂ ಏಳಲಿಲ್ಲ.

"ಎಷ್ಟು ರೂಪಾಯಿ ನೋಟು ಇದು?"

ಇಂದ್ರಾಣಿ ಚಿತ್ರದ ಕಡೆ ಬಗ್ಗಿದಳು. ಹತ್ತರದೋ, ಇಪ್ಪತ್ತರದೋ, ಐನೂರರದೋ, ಅವಳ ಗಮನಕ್ಕೇ ಬಂದಿರಲಿಲ್ಲ. ಆ ಮಡಿಕೆಯನ್ನು ಹಾಗೇ ಜವರಯ್ಯನಿಗೆ ವಾಪಸ್ ಕೊಟ್ಟು ಓಡಿಬಂದಿದ್ದಳು. ನೋಟಿನ ಮನೆಯಲ್ಲಿ ಹುಟ್ಟಿ ಬೆಳೆದವಳು.

"ನೋಡಲಿಲ್ಲ ಮೇಷ್ಟ್ರೇ."

ಮೇಷ್ಟ್ರು ಎದ್ದರು. ಗೂಡಿನಿಂದ ಸುತ್ತಿಗೆ ತಂದರು, ಒಂದು ಮೊಳೆ ತಂದರು. ಹನ್ನೊಂದು ಸಲ ತಾವೇ ಹೊಡೆದಿದ್ದ ಸುತ್ತಿಗೆಯನ್ನು ಅವಳ ಕೈಗೆ ಕೊಟ್ಟರು. ಇಂದ್ರಾಣಿ ಎಲ್ಲಿ ಹೊಡೆಯಲಿ ಎಂದು ಗೋಡೆಯ ಆ ತುದಿಯಿಂದ ಈ ತುದಿಯವರೆಗೆ ನೋಡಿದಳು.

"ಅಜ್ಜಿ ಚೀಲದ ಪಕ್ಕ ಹೊಡಿ. ಪಾಪ, ಹನ್ನೆರಡು ವರ್ಷದಿಂದ ಖಾಲಿಯಾಗೇ ನೇತಾಡ್ತಿದೆ."